ಸೂಜಿಗೆ ಹೆದರುವವರು ಇನ್ಸುಲಿನ್ ತೆಗೆದುಕೊಳ್ಳುವ ಬಗೆ: ನನ್ನ ಅನುಭವ

ಸೂಜಿ ಕಂಡರೆ ಹೆದರುವವರಲ್ಲಿ ಎರಡು ಗುಂಪು. ಒಂದು ಗುಂಪಿನವರಿಗೆ ಎದೆ ಡವಡವ ಅಂದು ಕೈ ನಡುಗುತ್ತದೆ, ಅಷ್ಟೇ. ಇನ್ನೊಂದು ಗುಂಪಿನವರಿಗೆ ಮೊದಲು ಎದೆಬಡಿತ ಏರಿ, ಆಮೇಲೆ ಬಿಪಿ ದಿಢೀರನೆ ಇಳಿದು, ಕಣ್ಣು ಕತ್ತಲೆ ಬರುತ್ತದೆ. ನಾನು ಎರಡನೆಯ ಗುಂಪು. ‘ಮೈ ಸಡಿಲ ಬಿಡಿ, ನಿಧಾನ ಉಸಿರಾಡಿ’ ಅಂತ ಎಲ್ಲರೂ ಹೇಳುವುದು ಮೊದಲನೆಯವರಿಗೆ ಸರಿ. ತಲೆ ಸುತ್ತುವವರಿಗೆ ಅದೇ ಮಾತು ಉಲ್ಟಾ ಹೊಡೆಯಬಹುದು, ಇಳಿಯುತ್ತಿರುವ ಬಿಪಿ ಸಡಿಲ ಬಿಟ್ಟರೆ ಇನ್ನೂ ಇಳಿಯುತ್ತದೆ.

ನಾನು ಬಳಸುವುದು ಮೈ ಬಿಗಿ ಹಿಡಿಯುವ ಕ್ರಮ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ 1980ರ ದಶಕದಲ್ಲಿ ಬೆಳೆಸಿದ್ದು. ಕುರ್ಚಿಯಲ್ಲಿ ಕೂತು ಮುಷ್ಟಿ, ತೋಳು, ಹೊಟ್ಟೆ, ತೊಡೆ ಎಲ್ಲವನ್ನೂ 10ರಿಂದ 15 ಸೆಕೆಂಡ್ ಬಿಗಿ ಹಿಡಿಯಬೇಕು. ಮುಖಕ್ಕೆ ಬಿಸಿ ಏರಿದಂತಾದರೆ ಸರಿಯಾಗಿ ಆಗಿದೆ ಎಂದು ಲೆಕ್ಕ. ಆಮೇಲೆ 20ರಿಂದ 30 ಸೆಕೆಂಡ್ ಮಾಮೂಲು ಸ್ಥಿತಿಗೆ ಬರಬೇಕು, ಪೂರ್ತಿ ಜೋತುಬೀಳಬಾರದು. ಹೀಗೆ 5 ಸುತ್ತು. ಸೂಜಿ ಹತ್ತಿರದಲ್ಲೇ ಇಲ್ಲದಾಗ ದಿನಾ ರೂಢಿ ಮಾಡಿಕೊಂಡರೆ ಬೇಕಾದಾಗ ಕೈಗೆ ಬರುತ್ತದೆ. ಚುಚ್ಚುವ ಜಾಗ ಮಾತ್ರ ಸಡಿಲವಾಗಿರಲಿ. ಹೊಟ್ಟೆಗೆ ಚುಚ್ಚುವಾಗ ನಾನು ಕಾಲ ಮೇಲೆ ಕಾಲು ಹಾಕಿ ತೊಡೆ ಒತ್ತಿಹಿಡಿದು, ಖಾಲಿ ಕೈಯ ಮುಷ್ಟಿ ಕಟ್ಟುತ್ತೇನೆ. ಬಿಪಿ ಜಾಸ್ತಿ ಇರುವವರು, ಹೃದಯದ ತೊಂದರೆ ಅಥವಾ ರೆಟಿನಾದಲ್ಲಿ ರಕ್ತಸ್ರಾವ ಇರುವವರು ಡಾಕ್ಟರನ್ನು ಕೇಳಿಯೇ ಇದನ್ನು ಶುರುಮಾಡಬೇಕು.

ಅಂದಹಾಗೆ, ತಲೆ ಸುತ್ತಿದ್ದೆಲ್ಲ ಸೂಜಿಯ ಭಯವಲ್ಲ. ಚುಚ್ಚುವ ಹೊತ್ತಿಗೇ ಬಂದರೆ ಭಯದ್ದೇ ಇರಬಹುದು. ಸ್ವಲ್ಪ ಹೊತ್ತಾದ ಮೇಲೆ ಬೆವರು, ನಡುಕದ ಜೊತೆ ಬಂದರೆ ಶುಗರ್ ನೋಡಿಕೊಳ್ಳಿ. 70 ಮಿ.ಗ್ರಾಂ./ಡಿ.ಎಲ್.ಗಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು.

ಇನ್ನು ಸೂಜಿಯ ವಿಚಾರ. ಇನ್ಸುಲಿನ್ ಪೆನ್ನಿಗೆ (ಡೋಸ್ ತಿರುಗಿಸಿ ಗುಂಡಿ ಒತ್ತಿ ಚುಚ್ಚುವ ಪೆನ್ನಿನಾಕಾರದ ಸಾಧನ) 4 ಮಿ.ಮೀ. ಉದ್ದದ, 32 ಗೇಜ್ ಸೂಜಿಯನ್ನೇ ಕೇಳಿ ತರಬೇಕು; ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳು. ಸುಮ್ಮನೆ ‘ಪೆನ್ ಸೂಜಿ’ ಅಂದರೆ 6 ಅಥವಾ 8 ಮಿ.ಮೀ.ನದ್ದು ಕೊಟ್ಟರೂ ಕೊಟ್ಟರೇ. ದಪ್ಪಗಿರಲಿ ತೆಳ್ಳಗಿರಲಿ, ದೊಡ್ಡವರ ಚರ್ಮದ ದಪ್ಪ ಸುಮಾರು 2ರಿಂದ 2.5 ಮಿ.ಮೀ. ಮಾತ್ರ. ಹಾಗಾಗಿ 4 ಮಿ.ಮೀ. ನೇರವಾಗಿ ಚುಚ್ಚಿದರೆ ಕೊಬ್ಬಿಗೆ ತಲುಪುತ್ತದೆ, ಸ್ನಾಯುವಿನವರೆಗೆ ಹೋಗುವುದು ಅಪರೂಪ. ತೀರಾ ತೆಳ್ಳಗಿನವರು ಮತ್ತು ಚಿಕ್ಕ ಮಕ್ಕಳಿಗೆ ಚರ್ಮ ಮಡಿಸಿ ಹಿಡಿಯಬೇಕು. ರಕ್ತ ತೆಗೆಯುವ 21 ಗೇಜ್ ಸೂಜಿಯ ದಪ್ಪ 0.8 ಮಿ.ಮೀ., ಇದರದ್ದು 0.23. ನಮ್ಮ ಹೆದರಿಕೆ ಹೆಚ್ಚಾಗಿ ಆ ದಪ್ಪ ಸೂಜಿಯ ನೆನಪು.

ಭಯ ಕಳೆಯಲು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು: ಮೊದಲು ಸೂಜಿಯಿಲ್ಲದ ಪೆನ್ ಹಿಡಿದು ಕೂರುವುದು, ಆಮೇಲೆ ಮುಚ್ಚಳವಿರುವ ಸೂಜಿ, ಬಿಚ್ಚಿದ ಸೂಜಿ, ಸ್ಪಂಜಿಗೆ ಚುಚ್ಚುವುದು, ಕೊನೆಗೆ ಮೈಗೆ. ಭಯ ಅರ್ಧಕ್ಕಿಳಿಯುವವರೆಗೆ ಅದೇ ಮೆಟ್ಟಿಲಲ್ಲಿ ನಿಲ್ಲಬೇಕು. ಭಯ ತುದಿಯಲ್ಲಿದ್ದಾಗ ಎದ್ದು ಹೋದರೆ ಮುಂದಿನ ಸಲ ಅದು ಇನ್ನೂ ಜೋರಾಗುತ್ತದೆ. ಅಲ್ಲಿಯವರೆಗೆ ಮನೆಯವರು ಯಾರಾದರೂ ಚುಚ್ಚಲಿ, ಇನ್ಸುಲಿನ್ ಮಾತ್ರ ನಿಲ್ಲಬಾರದು. ಟೈಪ್ 1 ಸಕ್ಕರೆ ಕಾಯಿಲೆ (ಮೈಯಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ಹುಟ್ಟದೇ ಇರುವ ಬಗೆ) ಇರುವವರು ತಪ್ಪಿಸಿದರೆ ಒಂದೆರಡು ದಿನದೊಳಗೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಆಸ್ಪತ್ರೆ ಸೇರಬೇಕಾಗಬಹುದು.

ನೋವಿಗೆ ಕಾರಣಗಳು ಚಿಲ್ಲರೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಇನ್ಸುಲಿನ್ ಉರಿಯುತ್ತದೆ. ಬಳಕೆಯಲ್ಲಿರುವ ಪೆನ್ ಹೊರಗೇ ಇರಲಿ, 30 ಡಿಗ್ರಿಯೊಳಗೆ ಸಾಮಾನ್ಯವಾಗಿ 4 ವಾರ ತಡೆಯುತ್ತದೆ. ಸ್ಪಿರಿಟ್ ಒಣಗುವ ಮುಂಚೆ ಚುಚ್ಚಿದರೂ ಉರಿ. ಸೂಜಿಯನ್ನು ಮತ್ತೆಮತ್ತೆ ಬಳಸಿದರೆ ನುಣುಪಿನ ಲೇಪ ಹೋಗಿ ತುದಿ ಮೊಂಡಾಗುತ್ತದೆ. ನಾನು ಹೊಕ್ಕುಳಿನಿಂದ ಎರಡು ಬೆರಳು ಆಚೆ ಸೂಜಿ ತುದಿಯನ್ನು ಚರ್ಮಕ್ಕೆ ಸುಮ್ಮನೆ ತಾಕಿಸಿ ನೋಡುತ್ತೇನೆ. ಚುರುಕ್ ಅಂದರೆ ಅರ್ಧ ಸೆಂಟಿಮೀಟರ್ ಸರಿಸುವುದು, ಏನೂ ಅನಿಸದಿದ್ದರೆ ಅಲ್ಲೇ ಒಂದೇ ಸಲಕ್ಕೆ ಒಳಕ್ಕೆ. ಹೆದರಿ ನಿಧಾನ ತಳ್ಳಿದರೇ ನೋವು ಹೆಚ್ಚು. ಗುಂಡಿ ಪೂರ್ತಿ ಒತ್ತಿ, ಹತ್ತು ಎಣಿಸಿ, ನೇರವಾಗಿ ತೆಗೆಯಬೇಕು.

ಹೆದರುವವರು ಬೀಳುವ ಹಳ್ಳಗಳು ಬೇರೆಯೇ ಇವೆ. ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಕೊಬ್ಬು ಗಂಟು ಕಟ್ಟಿದರೆ ಅಲ್ಲಿ ನೋವೇ ಗೊತ್ತಾಗುವುದಿಲ್ಲ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಗಂಟಿನಿಂದ ಇನ್ಸುಲಿನ್ ಒಂದು ದಿನ ರಕ್ತಕ್ಕೆ ಸೇರಿದಂತೆ ಇನ್ನೊಂದು ದಿನ ಸೇರುವುದಿಲ್ಲ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬಂದರೆ ಅದೇ ಡೋಸಿಗೆ ಶುಗರ್ ಕುಸಿಯಬಹುದು, ಡೋಸ್ ಇಳಿಸುವ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿ. ಮುಖ ತಿರುಗಿಸಿಕೊಂಡು ಚುಚ್ಚುವವರು ಸೂಜಿಯ ಒಳಮುಚ್ಚಳ ತೆಗೆಯದೇ ಗುಂಡಿ ಒತ್ತಿದ್ದುಂಟು. ಚುಚ್ಚುವ ಮುಂಚೆ 2 ಯೂನಿಟ್ ಹೊರಗೆ ಬಿಟ್ಟು ತುದಿಯಲ್ಲಿ ಹನಿ ನೋಡಿ, ಮುಗಿದ ಮೇಲೆ ಪೆನ್ನಿನ ಡೋಸ್ ಕಿಟಕಿಯಲ್ಲಿ ಸೊನ್ನೆ ನೋಡಿ, ನಡುವೆ ಬೇಕಾದರೆ ಗೋಡೆ ನೋಡಿ. ಪೆನ್ ಕಾರ್ಟ್ರಿಡ್ಜಿನ (ಪೆನ್ನಿನೊಳಗಿನ ಇನ್ಸುಲಿನ್ ಕೊಳವೆ) ಇನ್ಸುಲಿನ್ನನ್ನು ಹಳೆಯ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆಯಲೇಬೇಡಿ: ಆ ಸಿರಿಂಜು ಮಿಲಿಲೀಟರಿಗೆ 40 ಯೂನಿಟ್ಟಿನ ಲೆಕ್ಕದ್ದು, ಕಾರ್ಟ್ರಿಡ್ಜು 100ರದ್ದು, ಎರಡೂವರೆ ಪಟ್ಟು ಡೋಸ್ ಒಳಗೆ ಹೋಗುತ್ತದೆ.

ಉಸಿರಿನಲ್ಲಿ ಎಳೆಯುವ ಇನ್ಸುಲಿನ್ ಪುಡಿ ಅಫ್ರೆಝಾಕ್ಕೆ ಭಾರತದಲ್ಲಿ 2024ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿದೆ. ಅದು ಊಟದ ಹೊತ್ತಿನ ಇನ್ಸುಲಿನ್ ಮಾತ್ರ. ಟೈಪ್ 1ರವರಿಗೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನಿನ ಸೂಜಿ ತಪ್ಪುವುದಿಲ್ಲ, ಅಸ್ತಮಾ ಇರುವವರು, ಸಿಗರೇಟು ಸೇದುವವರು ಅದನ್ನು ಬಳಸುವಂತಿಲ್ಲ. ಮೇಲೆ ಹೇಳಿದ ಭಯದ ಮೆಟ್ಟಿಲು ಹತ್ತುವುದು ಒಬ್ಬರೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ‘ಇನ್ಸುಲಿನ್ ಬೇಕು, ಸೂಜಿ ಕಂಡರೆ ತಲೆ ಸುತ್ತುತ್ತದೆ’ ಅಂತ ಎರಡನ್ನೂ ಒಟ್ಟಿಗೆ ಹೇಳಿ.