ಮನೆತನದ ರಾಜಕಾರಣಿಯ ಪರಿಚಯ ಬರೆಯುವುದು: ಬೊಮ್ಮಾಯಿ ಕುಟುಂಬ ಇಟ್ಟುಕೊಂಡು ಒಂದು ಲೆಕ್ಕ

ಇಂಥ ಪರಿಚಯಕ್ಕೆ ನಾನು ಮೊದಲು ಹಾಕಿಕೊಳ್ಳುವುದು ಕೋಷ್ಟಕ. ಅಂಕಣ ಆರು: ವರ್ಷ, ಸದನ, ಕ್ಷೇತ್ರ, ಪಕ್ಷ, ಫಲಿತಾಂಶ, ಆಧಾರ. ಒಂದೊಂದು ತಲೆಮಾರಿಗೆ ಒಂದೊಂದು ಹಾಳೆ. ಒಂದೇ ಹಾಳೆಯಲ್ಲಿ ತುಂಬಿದರೆ ಅಪ್ಪನ ಸಾಲು ಮಗನಿಗೆ ಸೇರಿಹೋಗುತ್ತದೆ. 1994ನ್ನೇ ನೋಡಿ: ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರುವ ಬಗ್ಗೆ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ 'ಬೊಮ್ಮಾಯಿ ತೀರ್ಪು' ತಂದೆ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದ್ದು, ಅದೇ ವರ್ಷ ಹುಬ್ಬಳ್ಳಿ ಗ್ರಾಮೀಣದಲ್ಲಿ ಜಗದೀಶ ಶೆಟ್ಟರ್ ಎದುರು ಸೋತ ಬೊಮ್ಮಾಯಿ ಮಗ ಬಸವರಾಜ. ಬರೀ ಮನೆಹೆಸರು ಹಾಕಿದ ಹಳೆ ಸುದ್ದಿಯನ್ನು ಆಧಾರದ ಅಂಕಣಕ್ಕೆ ಬಿಟ್ಟುಕೊಳ್ಳಬಾರದು. ಚುನಾವಣಾ ಆಯೋಗದ ಅಂಕಿಅಂಶ ವರದಿಯಲ್ಲಿ ಪೂರ್ತಿ ಹೆಸರು ನೋಡಿ ಬರೆಯಬೇಕು. ಆ ವರದಿಯಲ್ಲಿ ಸೋಲೂ ಇರುತ್ತದೆ. ಅಭಿಮಾನಿಗಳ ಪರಿಚಯಪತ್ರದಲ್ಲಿ ಅದು ಸಿಗದು.

'ಆರು ಬಾರಿ ಶಾಸಕ' ಎಂದು ಕಂಡರೆ ಒಡೆದು ನೋಡುತ್ತೇನೆ. ಬಸವರಾಜ ಬೊಮ್ಮಾಯಿ 1998 ಮತ್ತು 2004ರಲ್ಲಿ ಗೆದ್ದದ್ದು ವಿಧಾನ ಪರಿಷತ್ತಿಗೆ, ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ. ಅಲ್ಲಿ ಮತ ಹಾಕುವವರು ಪಂಚಾಯಿತಿ, ನಗರಸಭೆಗಳ ಸದಸ್ಯರು. 75 ಸ್ಥಾನಗಳ ಪರಿಷತ್ತಿನಲ್ಲಿ ಇಂಥವು 25. ಜನರಿಂದ ನೇರವಾಗಿ ಗೆದ್ದದ್ದು 2008, 2013, 2018, 2023ರಲ್ಲಿ, ಶಿಗ್ಗಾವಿಯಿಂದ. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಿದರೆ ಯಾವ ಬಲದ ಮೇಲೆ ಬೆಳೆದರು ಎಂಬುದೇ ಮರೆಯಾಗುತ್ತದೆ.

ಕ್ಷೇತ್ರದ ಅಂಕಣವೇ ಹೆಚ್ಚು ಕಾಡುವುದು. ಹುಬ್ಬಳ್ಳಿ ಗ್ರಾಮೀಣ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು, ಈಗಿನ ನಕ್ಷೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಶಿಗ್ಗಾವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಸೇರುವುದು ಧಾರವಾಡ ಲೋಕಸಭಾ ಕ್ಷೇತ್ರಕ್ಕೆ. ಹಾಗಾಗಿ 2024ರಲ್ಲಿ ಹಾವೇರಿಯಿಂದ ಸಂಸದರಾದ ಬೊಮ್ಮಾಯಿ 'ತಮ್ಮ ಕ್ಷೇತ್ರವನ್ನೇ ದೆಹಲಿಯಲ್ಲಿ ಪ್ರತಿನಿಧಿಸಿದರು' ಎಂದು ಬರೆದರೆ ತಪ್ಪು. ಎರಡು ಸದನಗಳಲ್ಲಿ ಒಟ್ಟಿಗೆ ಇರುವಂತಿಲ್ಲ. ರಾಜ್ಯಪತ್ರದಲ್ಲಿ ಹೆಸರು ಪ್ರಕಟವಾದ 14 ದಿನಗಳೊಳಗೆ ಶಾಸಕ ಸ್ಥಾನ ಬಿಡದಿದ್ದರೆ ಹೋಗುವುದು ಸಂಸತ್ತಿನ ಸ್ಥಾನ. ಅವರು ಶಾಸಕ ಸ್ಥಾನ ಬಿಟ್ಟರು, ಉಪಚುನಾವಣೆ ಬಂತು. ಮಗ ಭರತ್ ಬೊಮ್ಮಾಯಿ ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಎದುರು ಸೋತರು. ಮೂರನೆಯ ಹಾಳೆಯ ಮೊದಲ ಸಾಲು ಇದೇ.

ಅಧಿಕಾರಾವಧಿಗೆ ಪ್ರಮಾಣವಚನದ ದಿನ ಹಿಡಿಯಬೇಕು. ತಂದೆ 1988ರ ಆಗಸ್ಟ್ 13ರಿಂದ 1989ರ ಏಪ್ರಿಲ್ 21ರವರೆಗೆ ಮುಖ್ಯಮಂತ್ರಿ, ಆಮೇಲೆ ರಾಷ್ಟ್ರಪತಿ ಆಳ್ವಿಕೆ. ಕೊನೆಯ ದಿನದ ಬಗ್ಗೆ ಗೊಂದಲವಿಲ್ಲ. ಮಗನದು 2021ರ ಜುಲೈ 28ಕ್ಕೆ ಶುರು. 2023ರ ಮೇ 13ರಂದು ರಾಜೀನಾಮೆ ಕೊಟ್ಟರೂ ಮೇ 20ರಂದು ಸಿದ್ದರಾಮಯ್ಯ ಪ್ರಮಾಣ ಸ್ವೀಕರಿಸುವವರೆಗೆ ಹಂಗಾಮಿ. ಎರಡೂ ದಿನಾಂಕ ಕೊಡುವುದೇ ಸರಿ.

ಇನ್ನು ಆಸ್ತಿ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಅಫಿಡವಿಟ್‌ನಲ್ಲಿ (ಪ್ರಮಾಣಪತ್ರ) ಅಭ್ಯರ್ಥಿ, ಪತಿ ಅಥವಾ ಪತ್ನಿ, ಅವಿಭಕ್ತ ಕುಟುಂಬ, ಅವಲಂಬಿತರು ಇಷ್ಟೇ ಬರುತ್ತಾರೆ. ಸ್ವಂತ ದುಡಿಮೆಯ ಮಕ್ಕಳದು ಸೇರದು, ಆದ್ದರಿಂದ ಅದನ್ನು 'ಮನೆತನದ ಆಸ್ತಿ' ಎನ್ನಲಾಗದು. ಎರಡು ಚುನಾವಣೆಗಳ ಮೊತ್ತ ಹೋಲಿಸುವ ಮುನ್ನ ಸ್ಥಿರಾಸ್ತಿಯ ಪಟ್ಟಿಯಲ್ಲಿ ಖರೀದಿ ದಿನಾಂಕ ನೋಡಿ: ಹೊಸದೇನೂ ಕೊಳ್ಳದೆ ಮಾರುಕಟ್ಟೆ ಬೆಲೆ ಏರಿದ್ದಕ್ಕೇ ಮೊತ್ತ ಉಬ್ಬಿರಬಹುದು.