ಗೆಟ್‌ಸರ್ವರ್‌ಸೈಡ್‌ಪ್ರಾಪ್ಸ್ ಅಳಿಸುವ ಮುಂಚೆ: ಆಪ್ ರೌಟರ್‌ಗೆ ಡೇಟಾ ಕೋಡ್ ಬರೆಸುವ ಬಗೆ

ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್ ಆದ ನೆಕ್ಸ್ಟ್ ಜೆಎಸ್‌ನಲ್ಲಿ ಪೇಜ್‌ಗಳನ್ನು ಬರೆಯುವ ಹಳೆಯ ವಿಧಾನವಾದ ಪೇಜಸ್ ರೌಟರ್‌ನಿಂದ ಹೊಸ ವಿಧಾನವಾದ ಆಪ್ ರೌಟರ್‌ಗೆ ಬರುವವರು ಈಗ ಹೆಚ್ಚಾಗಿ ಹಳೆಯ ಫೈಲನ್ನು ಎಐ ಟೂಲ್‌ಗೆ ಕೊಟ್ಟು 'ಇದನ್ನು ಹೊಸ ವರ್ಷನ್‌ಗೆ ಬದಲಾಯಿಸು' ಅಂದುಬಿಡುತ್ತಾರೆ. ನಾನೂ ಟೂಲ್ ಬಳಸುತ್ತೇನೆ. ಆದರೆ ಅದಕ್ಕೆ ಕೆಲಸ ಕೊಡುವ ಮುಂಚೆ ಒಂದು ಪಟ್ಟಿ ಮಾಡಿಕೊಳ್ಳುತ್ತೇನೆ.

ಯಾಕೆ ಅಂದರೆ, ಹಳೆಯ ಕೋಡ್‌ನಲ್ಲಿ ಡೇಟಾ ಯಾವಾಗ ಬರುತ್ತದೆ ಅನ್ನುವುದು ಫಂಕ್ಷನ್ ಹೆಸರಿನಿಂದಲೇ ಗೊತ್ತಾಗುತ್ತಿತ್ತು. ಗೆಟ್‌ಸರ್ವರ್‌ಸೈಡ್‌ಪ್ರಾಪ್ಸ್ ಇದ್ದರೆ ಪ್ರತಿ ರಿಕ್ವೆಸ್ಟ್‌ಗೂ. ಗೆಟ್‌ಸ್ಟ್ಯಾಟಿಕ್‌ಪ್ರಾಪ್ಸ್ ಇದ್ದರೆ ಬಿಲ್ಡ್ ಸಮಯದಲ್ಲಿ (ಸೈಟನ್ನು ಡಿಪ್ಲಾಯ್ ಮಾಡುವ ಮುಂಚೆ ತಯಾರು ಮಾಡುವಾಗ), ಜೊತೆಗೆ ರಿವ್ಯಾಲಿಡೇಟ್ 60 ಅಂತಿದ್ದರೆ 60 ಸೆಕೆಂಡ್ ಕಳೆದ ಮೇಲೆ ಹೊಸದು. ಆಪ್ ರೌಟರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ: ಅಸಿಂಕ್ ಕಾಂಪೊನೆಂಟ್, ಒಳಗೆ ಡೇಟಾ ತರುವ ಅವೇಟ್ ಫೆಚ್. 'ಯಾವಾಗ' ಅನ್ನುವುದನ್ನು ನೀವು ಬರೆಯದಿದ್ದರೆ ಫ್ರೇಮ್‌ವರ್ಕ್ ತಾನೇ ತೀರ್ಮಾನಿಸುತ್ತದೆ.

ಹಾಗಾಗಿ ಪ್ರತಿ ಪೇಜ್‌ಗೂ ಒಂದು ಸಾಲು ಬರೆದುಕೊಳ್ಳಿ. ಯುಆರ್‌ಎಲ್ ಏನು, ಡೇಟಾ ಯಾವಾಗ ಹೊಸದಾಗಬೇಕು, ಕುಕೀ ಅಥವಾ ಕ್ವೆರಿ ಓದುತ್ತದಾ, ರೀಡೈರೆಕ್ಟ್ ಅಥವಾ 404 ಇದೆಯಾ. ಹಳೆಯ ಪ್ರಾಜೆಕ್ಟ್‌ನಲ್ಲಿ ಒಮ್ಮೆ ಬಿಲ್ಡ್ ಓಡಿಸಿ, ಕೊನೆಯಲ್ಲಿ ಬರುವ ರೌಟ್‌ಗಳ ಪಟ್ಟಿಯನ್ನೂ ಉಳಿಸಿಡಿ.

ಟೂಲ್‌ಗೆ ಕೊಡುವ ಮೊದಲ ನಿಯಮ: ಪ್ರತಿ ಫೆಚ್‌ನಲ್ಲೂ ಕ್ಯಾಶ್ ಆಯ್ಕೆ (ಒಮ್ಮೆ ತಂದ ಡೇಟಾವನ್ನು ಉಳಿಸಿಟ್ಟು ಮತ್ತೆ ಬಳಸಬೇಕಾ ಅನ್ನುವುದು) ಬರೆದೇ ಇರಬೇಕು, ಡಿಫಾಲ್ಟ್‌ಗೆ ಬಿಡಬಾರದು. 13 ಮತ್ತು 14ನೇ ವರ್ಷನ್‌ಗಳಲ್ಲಿ ಆಪ್ ರೌಟರ್‌ನ ಫೆಚ್ ತಾನಾಗೇ ಕ್ಯಾಶ್ ಆಗುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ 15ರಲ್ಲಿ ಅದು ತಿರುವುಮುರುವಾಯಿತು, ಹೇಳದಿದ್ದರೆ ಕ್ಯಾಶ್ ಆಗುವುದಿಲ್ಲ. ಟೂಲ್‌ಗಳು ಎರಡೂ ಕಾಲದ ಅಭ್ಯಾಸವನ್ನು ಬೆರೆಸಿ ಬರೆಯುತ್ತವೆ, ಅವುಗಳ ತಪ್ಪೂ ಅಲ್ಲ ಬಿಡಿ.

'15ರಲ್ಲಿ ಕ್ಯಾಶ್ ಇಲ್ವಲ್ಲ, ಸುಮ್ನೆ ಫೆಚ್ ಅಂತ ಬರೆದರೆ ಸಾಕು' ಅಂದುಕೊಳ್ಳಬೇಡಿ. ಸ್ಟಾಕ್ ಎಷ್ಟಿದೆ ಅಂತ ತೋರಿಸುವ ಪೇಜ್ ಒಂದಿದೆ ಅಂದುಕೊಳ್ಳಿ. ಕುಕೀ ಓದುವುದಿಲ್ಲ, ಕ್ವೆರಿಯೂ ಇಲ್ಲ. ಮೊದಲು ಗೆಟ್‌ಸರ್ವರ್‌ಸೈಡ್‌ಪ್ರಾಪ್ಸ್ ಇತ್ತು, ಈಗ ಬರೀ ಅವೇಟ್ ಫೆಚ್. ರಿಕ್ವೆಸ್ಟ್‌ನಿಂದ ಏನೂ ಬೇಕಿಲ್ಲ ಅಂತ ಕಂಡ ಕೂಡಲೇ ನೆಕ್ಸ್ಟ್ ಆ ಪೇಜನ್ನು ಬಿಲ್ಡ್ ಸಮಯದಲ್ಲೇ ತಯಾರು ಮಾಡಿಟ್ಟುಬಿಡುತ್ತದೆ. ಬೆಳಿಗ್ಗೆ ಡಿಪ್ಲಾಯ್ ಮಾಡಿದಾಗ ಇದ್ದ ಸಂಖ್ಯೆ ಸಂಜೆಯೂ ಅದೇ! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಡೆವ್ ಸರ್ವರ್‌ನಲ್ಲಂತೂ ಪೇಜ್ ಪ್ರತಿ ಸಲ ಹೊಸದಾಗಿ ತಯಾರಾಗುವುದರಿಂದ ಇದು ಕಣ್ಣಿಗೇ ಬೀಳುವುದಿಲ್ಲ. ಫೆಚ್‌ನಲ್ಲಿ ಕ್ಯಾಶ್ ಆಯ್ಕೆಯನ್ನು 'ನೋ-ಸ್ಟೋರ್' ಅಂತ ಬರೆದರೆ ಪೇಜ್ ಮತ್ತೆ ಪ್ರತಿ ರಿಕ್ವೆಸ್ಟ್‌ಗೂ ಓಡುತ್ತದೆ. ಸ್ಟ್ಯಾಟಿಕ್ ಪೇಜ್‌ಗಳಿಗೆ 'ಫೋರ್ಸ್-ಕ್ಯಾಶ್', ಕಾಲಕಾಲಕ್ಕೆ ಬದಲಾಗುವವಕ್ಕೆ ಫೆಚ್‌ನ 'ನೆಕ್ಸ್ಟ್' ಅನ್ನುವ ಆಯ್ಕೆಯೊಳಗೆ ರಿವ್ಯಾಲಿಡೇಟ್ ಸೆಕೆಂಡ್‌ಗಳು.

ಎರಡನೇ ನಿಯಮ ರೀಡೈರೆಕ್ಟ್ ಬಗ್ಗೆ. ಹಳೆಯದರಲ್ಲಿ ರೀಡೈರೆಕ್ಟ್ ಅನ್ನುವ ಆಬ್ಜೆಕ್ಟನ್ನು ರಿಟರ್ನ್ ಮಾಡುತ್ತಿದ್ದೆವು. ಈಗ ಅದು ಒಂದು ಫಂಕ್ಷನ್, ಒಳಗೊಳಗೇ ಎರರ್ ಎಸೆದು ಕೆಲಸ ಮಾಡುತ್ತದೆ. ನಾಟ್‌ಫೌಂಡ್ ಕೂಡ ಹಾಗೇ. ಟೂಲ್‌ಗಳಿಗೆ ಎಲ್ಲವನ್ನೂ ಟ್ರೈ-ಕ್ಯಾಚ್ ಒಳಗೆ ತುರುಕುವ ಚಟ ಜಾಸ್ತಿ. ಟ್ರೈ ಒಳಗೆ ರೀಡೈರೆಕ್ಟ್ ಕರೆದರೆ ನಿಮ್ಮದೇ ಕ್ಯಾಚ್ ಅದನ್ನು ಹಿಡಿದುಕೊಳ್ಳುತ್ತದೆ. ಲಾಗಿನ್ ಆಗದವರು ಲಾಗಿನ್ ಪೇಜ್‌ಗೆ ಹೋಗುವ ಬದಲು 'ಏನೋ ತೊಂದರೆಯಾಗಿದೆ' ಅನ್ನುವ ಸಂದೇಶ ನೋಡುತ್ತಾರೆ. ಟ್ರೈ ಒಳಗೆ ಡೇಟಾ ತರುವುದು ಮಾತ್ರ ಇರಲಿ. ಫಲಿತಾಂಶ ನೋಡಿ ರೀಡೈರೆಕ್ಟ್ ಮಾಡುವುದು ಹೊರಗೆ.

ಪ್ಯಾರಮ್ಸ್, ಸರ್ಚ್‌ಪ್ಯಾರಮ್ಸ್, ಕುಕೀಸ್, ಹೆಡರ್ಸ್ ಇವೆಲ್ಲ 15ರಿಂದ ಪ್ರಾಮಿಸ್‌ಗಳು (ಬೆಲೆ ಆಮೇಲೆ ಕೈಗೆ ಬರುವಂಥವು), ಅವೇಟ್ ಬೇಕು. ಈಗಾಗಲೇ 14ರ ಆಪ್ ರೌಟರ್‌ನಲ್ಲಿರುವವರು ಇದನ್ನು ಎಐಗೆ ಕೊಡಬೇಕಿಲ್ಲ, ಕೋಡನ್ನು ತಾನಾಗೇ ತಿದ್ದುವ, ನೆಕ್ಸ್ಟ್‌ನವರದೇ ಕೋಡ್‌ಮಾಡ್ ಇದೆ. ತನಗೆ ಬದಲಾಯಿಸಲಾಗದ ಕಡೆ ಅದು ಕಾಮೆಂಟ್ ಬಿಟ್ಟು ಹೋಗುತ್ತದೆ, ಅವನ್ನು ಹುಡುಕಿ ಕೈಯಾರೆ ಸರಿ ಮಾಡಿ. ಯಾವ ಯುಆರ್‌ಎಲ್‌ಗಳನ್ನು ಬಿಲ್ಡ್‌ನಲ್ಲೇ ತಯಾರಿಸಬೇಕು ಅಂತ ಹೇಳುವ ಗೆಟ್‌ಸ್ಟ್ಯಾಟಿಕ್‌ಪಾತ್ಸ್ ಜಾಗಕ್ಕೆ ಜನರೇಟ್‌ಸ್ಟ್ಯಾಟಿಕ್‌ಪ್ಯಾರಮ್ಸ್ ಬರುತ್ತದೆ. ಹಳೆಯದರಲ್ಲಿ ಫಾಲ್‌ಬ್ಯಾಕ್ ಫಾಲ್ಸ್ (ಆ ಪಟ್ಟಿಯಲ್ಲಿಲ್ಲದ ಯುಆರ್‌ಎಲ್‌ಗೆ 404) ಅಂತಿದ್ದರೆ ಡೈನಮಿಕ್‌ಪ್ಯಾರಮ್ಸ್ ಅನ್ನು ಫಾಲ್ಸ್ ಮಾಡುವುದನ್ನು ಟೂಲ್‌ಗೆ ನೆನಪಿಸಿ.

ಬಂದ ಕೋಡ್‌ನಲ್ಲಿ ಒಂದರ ಕೆಳಗೊಂದು ಅವೇಟ್ ಇದೆಯಾ ನೋಡಿ. ಒಂದಕ್ಕೊಂದು ಸಂಬಂಧವಿಲ್ಲದ ಫೆಚ್‌ಗಳನ್ನು ಪ್ರಾಮಿಸ್ ಆಲ್ ಒಳಗೆ ಹಾಕಿ. ಇಲ್ಲದಿದ್ದರೆ ಎರಡನೆಯದು ಮೊದಲನೆಯದಕ್ಕೆ ಸುಮ್ಮನೆ ಕಾಯುತ್ತಾ ನಿಲ್ಲುತ್ತದೆ.

ಎಲ್ಲ ಪೇಜ್‌ಗಳನ್ನೂ ಒಂದೇ ಏಟಿಗೆ ಬದಲಾಯಿಸಬೇಡಿ. ಪೇಜಸ್ ಮತ್ತು ಆಪ್ ಎರಡೂ ಫೋಲ್ಡರ್‌ಗಳು ಒಂದೇ ಪ್ರಾಜೆಕ್ಟ್‌ನಲ್ಲಿ ಇರಬಹುದು. ಒಂದೇ ಯುಆರ್‌ಎಲ್ ಎರಡೂ ಕಡೆ ಇದ್ದರೆ ಮಾತ್ರ ಬಿಲ್ಡ್ ನಿಲ್ಲುತ್ತದೆ, ಆಗ ಹಳೆಯ ಫೈಲ್ ತೆಗೆಯಿರಿ. ಒಂದೊಂದು ಪೇಜ್ ಮುಗಿದಾಗಲೂ ಬಿಲ್ಡ್ ಓಡಿಸಿ ರೌಟ್ ಪಟ್ಟಿ ನೋಡಿ. ಖಾಲಿ ವೃತ್ತ ಇದ್ದರೆ ಸ್ಟ್ಯಾಟಿಕ್ (ಬಿಲ್ಡ್‌ನಲ್ಲೇ ತಯಾರಾದದ್ದು), ಎಫ್ ಥರದ ಓರೆ ಗುರುತು (ƒ) ಇದ್ದರೆ ಡೈನಮಿಕ್ (ಪ್ರತಿ ರಿಕ್ವೆಸ್ಟ್‌ಗೂ ತಯಾರಾಗುವುದು). ಹಳೆಯ ವರ್ಷನ್‌ಗಳಲ್ಲಿ ಈ ಓರೆ ಗುರುತಿನ ಜಾಗದಲ್ಲಿ ಲ್ಯಾಂಬ್ಡಾ (λ) ಇರುತ್ತಿತ್ತು, ಗಾಬರಿಯಾಗಬೇಡಿ. ಮೊದಲು ಡೈನಮಿಕ್ ಆಗಿದ್ದ ಪೇಜ್ ಮುಂದೆ ಈಗ ಖಾಲಿ ವೃತ್ತ ಕಂಡರೆ, ಆ ಫೈಲ್ ತೆರೆದು ಯಾವ ಫೆಚ್‌ಗೆ ಕ್ಯಾಶ್ ಆಯ್ಕೆ ಬಿಟ್ಟುಹೋಗಿದೆ ಅಂತ ಹುಡುಕಿ.