ತತ್ವಪದಕ್ಕೆ ಗಿಟಾರ್: ಗಾಂಧಾರವನ್ನು ದನಿಗೇ ಬಿಟ್ಟೆ

ತತ್ವಪದಕ್ಕೆ ಗಿಟಾರ್ ನುಡಿಸುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು, ‘ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಯಾವುದು?’ ಕಾರ್ಡ್ಸ್ ಇಲ್ಲ. ಶಿಶುನಾಳ ಶರೀಫರ (1819–1889) ಪದಗಳನ್ನು ಹಳ್ಳಿಯ ಭಜನೆಗಳಲ್ಲಿ ಒಂದೇ ತಂತಿಯ ಏಕತಾರಿ, ಚರ್ಮವಾದ್ಯ ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಏಕತಾರಿಯಲ್ಲಿ ಒಂದೇ ಸ್ವರ ಮಿಡಿಯುತ್ತಿರುತ್ತದೆ. ಅದರ ಮೇಲೆ ದನಿ ಎಲ್ಲಿಗೆ ಬೇಕಾದರೂ ಹೋಗಬಹುದು. ಸಾಲುಸಾಲಿಗೂ ಕಾರ್ಡ್ ಬದಲಾಯಿಸಿದರೆ ಆ ಬಿಡುವೇ ಹೋಗಿಬಿಡುತ್ತದೆ.

ನಾನು ಹಿಡಿದದ್ದು ಡ್ಯಾಡ್‌ಗ್ಯಾಡ್ ಶ್ರುತಿ, ಅಂದರೆ ಆರನೇ ತಂತಿಯಿಂದ ಒಂದನೆಯದರವರೆಗೆ ಡಿ ಎ ಡಿ ಜಿ ಎ ಡಿ (DADGAD). 1960ರ ದಶಕದಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ ಇದನ್ನು ಬಳಕೆಗೆ ತಂದರು. ಆರನೇ, ಎರಡನೇ, ಒಂದನೇ ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಪಟ್ಟಿ) ಇಳಿಸಬೇಕು. ಡಿ ಸ್ವರವನ್ನು ಷಡ್ಜ (ಸ) ಮಾಡಿಕೊಂಡರೆ ತಂತಿಗಳು ಸ ಪ ಸ ಮ ಪ ಸ ಎಂದು ನುಡಿಯುತ್ತವೆ. ಗಾಂಧಾರವೇ (ಗ) ಇಲ್ಲ! ಪಾಶ್ಚಾತ್ಯ ಸಂಗೀತದಲ್ಲಿ ಮೇಜರೋ ಮೈನರೋ ಎಂದು ಹೇಳುವುದು ಆ ಸ್ವರವೇ, ಹಾಗಾಗಿ ಇದು ಮೇಜರೂ ಅಲ್ಲ, ಮೈನರೂ ಅಲ್ಲ. ಯಾವ ಮಟ್ಟಿನ ಪದ ಬಂದರೂ ಜಾಗ ಇರುತ್ತದೆ. ಕೆಲವು ಪದಗಳಿಗೆ ಮೂರನೇ ತಂತಿಯ ಮಧ್ಯಮ (ಮ) ಅಡ್ಡ ಬರುತ್ತದೆ. ಆಗ ಅದರ ಎರಡನೇ ಫ್ರೆಟ್ ಒತ್ತುತ್ತೇನೆ, ಅದೂ ಪಂಚಮ (ಪ) ಆಗುತ್ತದೆ. ಶ್ರುತಿ ಇಳಿಸಿದಾಗ ತಂತಿ ಸಡಿಲವಾಗುತ್ತದೆ ಅಲ್ವಾ, ಅದಕ್ಕೆ ಸ್ವಲ್ಪ ದಪ್ಪ ತಂತಿ ಹಾಕಿಕೊಂಡರೆ ಒಳ್ಳೆಯದು.

ಏಕತಾರಿ ಮಿಡಿದು ಬುರುಡೆಗೆ ಕಿವಿ ಕೊಟ್ಟು ಕೇಳಿ. ಷಡ್ಜದ ಒಳಗೇ, ತುಂಬಾ ಮೇಲೆ, ಒಂದು ಗಾಂಧಾರ ತೆಳ್ಳಗೆ ಕೇಳಿಸುತ್ತದೆ. ಅದು ತಂತಿಯ ಮೂಲ ಕಂಪನದ ಐದು ಪಟ್ಟಿನ ನಾದ. ಗಿಟಾರಿನ ಫ್ರೆಟ್ ಕೊಡುವ ಗಾಂಧಾರ ಇದಕ್ಕಿಂತ ಸುಮಾರು 14 ಸೆಂಟ್ ಜಾಸ್ತಿ, ಅಂದರೆ ಅರ್ಧಸ್ವರದ (ಒಂದು ಫ್ರೆಟ್‌ನ ಅಂತರದ) ಏಳರಲ್ಲೊಂದು ಪಾಲು. ಎರಡೂ ಒಟ್ಟಿಗೆ ನುಡಿದರೆ ನಾದ ಅಲುಗಾಡುತ್ತದೆ. ಅದಕ್ಕೇ ಗಿಟಾರಿನಲ್ಲಿ ನಾನು ಗಾಂಧಾರ ಮುಟ್ಟುವುದಿಲ್ಲ. ಒಳ್ಳೆಯ ಹಾಡುಗಾರರು ತಾವಾಗಿಯೇ ಏಕತಾರಿಯೊಳಗಿನ ಆ ಸ್ವರಕ್ಕೆ ಹೋಗಿ ನಿಲ್ಲುತ್ತಾರೆ. ದನಿ, ತಂತಿ ಒಂದಾಗುವುದು ಅಲ್ಲಿ. ಈ ಸಂಗೀತದಲ್ಲಿ ಧ್ಯಾನ ಅನ್ನುವುದು ನನಗೆ ಸಿಕ್ಕಿದ್ದೂ ಅಲ್ಲೇ.

ಮುಖ್ಯ ಹಾಡುಗಾರರು ಹಾಡುವಾಗ ಹೆಬ್ಬೆರಳಲ್ಲಿ ಷಡ್ಜ ಬಿಡದೆ ಮಿಡಿಯುತ್ತೇನೆ. ಉಳಿದ ಬೆರಳುಗಳು ಹಾಡಿನ ಸಾಲು ಮುಗಿದ ಮೇಲೆ ಮಾತ್ರ. ಹಿಮ್ಮೇಳದವರು ಪಲ್ಲವಿ ಎತ್ತಿಕೊಂಡಾಗ ಗಿಟಾರ್ ಪೂರ್ತಿ ಸುಮ್ಮನಿರುತ್ತದೆ. ರೆಕಾರ್ಡಿಂಗಿಗೆ ಎಲ್ಲರೂ ಸುತ್ತ ಕೂತು, ನಡುವೆ ಒಂದೇ ಮೈಕ್ ಇಡುತ್ತೇವೆ. ಲಯ ಎಣಿಸುವ ಮೆಟ್ರೊನೋಮ್ ಹಾಕುವುದಿಲ್ಲ. ಪದ ಏರುತ್ತಾ ಹೋದ ಹಾಗೆ ಲಯ ಸ್ವಲ್ಪ ಚುರುಕಾಗುವುದು ಭಜನೆಯ ಗುಣ, ಅದನ್ನು ಕಟ್ಟಿಹಾಕಬಾರದು.

ಈಗ ಜೋರು ನಡೆಯ ಪದಗಳನ್ನು ಹಿಡಿದಿದ್ದೇನೆ. ಅಲ್ಲಿ ದಮ್ಮಡಿಯೇ ಮುಂದು. ಗಿಟಾರಿನ ತಂತಿಗಳನ್ನು ಅಂಗೈಯಿಂದ ಅರ್ಧ ಅದುಮಿ, ಷಡ್ಜವನ್ನು ಬರೀ ತಾಳದ ಹಾಗೆ ನುಡಿಸಿ ನೋಡುತ್ತಿದ್ದೇನೆ.